ಚಪ್ಪಾಳೆ ಯಾರಿಗೆ, ಮತ ಯಾರಿಗೆ?

ಊರು ಬಿಟ್ಟವನಿಗೆ ಒಂದು ಚಟ ತಾನಾಗಿ ಅಂಟಿಕೊಳ್ಳುತ್ತದೆ. ಎಲ್ಲಿ ನೋಡಿದರೂ ‘ನಮ್ಮವರು’ ಯಾರಾದರೂ ಇದ್ದಾರಾ ಅಂತ ಹುಡುಕುವುದು. ಬಿಲ್ಡಿಂಗಿನ ಹೆಸರುಫಲಕದಲ್ಲಿ, ಕ್ರಿಕೆಟ್ ತಂಡದಲ್ಲಿ, ಕಡೆಗೆ ಟೀವಿಯ ಹಾಡಿನ ಸ್ಪರ್ಧೆಯಲ್ಲೂ.

ಮುಂಬೈಯ ನಮ್ಮ ಮನೆಯಲ್ಲಿ ಶನಿವಾರ, ಭಾನುವಾರ ರಾತ್ರಿ ಎಲ್ಲರೂ ತಟ್ಟೆ ಹಿಡಿದು ಟೀವಿ ಮುಂದೆ ಕೂರುತ್ತೇವೆ. ಸೋತ ಹುಡುಗನ ಕಣ್ಣೀರನ್ನು ಕ್ಯಾಮರಾ ಹತ್ತಿರ ಹೋಗಿ ತೋರಿಸುತ್ತದೆ. ನಾವು ಚಟ್ನಿಪುಡಿ ಕಲಸಿಕೊಳ್ಳುತ್ತಾ ನೋಡುತ್ತೇವೆ. ಅಷ್ಟರ ಮಟ್ಟಿಗೆ ಅದು ಕದ್ದು ತಿನ್ನುವ ಬೆಲ್ಲವೇ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಚೆನ್ನಾಗಿ ಹಾಡಿದವರು ಒಬ್ಬರು, ನಮ್ಮ ಕಡೆಯವರು ಇನ್ನೊಬ್ಬರು ಆದರೆ ಮತ ಯಾರಿಗೆ?

2013ರಲ್ಲಿ ‘ಇಂಡಿಯನ್ ಐಡಲ್ ಜೂನಿಯರ್’ ಗೆದ್ದವಳು ಬೆಂಗಳೂರಿನ ಪುಟ್ಟ ಹುಡುಗಿ ಅಂಜನಾ ಪದ್ಮನಾಭನ್. ಒಳ್ಳೆಯ ಕಂಠ, ಆ ಮಾತು ಬೇರೆ. ‘ಬೆಂಗಳೂರು’ ಅನ್ನುವ ಹೆಸರು ಕೇಳಿದ್ದೇ ತಡ, ನಮ್ಮ ಮನೆಯವರ ಕಿವಿ ನೆಟ್ಟಗಾಗುತ್ತಿತ್ತು. ಊರಲ್ಲೇ ಇರುವ ನೀವು ಯಾವ ಜಿಲ್ಲೆ, ಯಾವ ಬಡಾವಣೆ ಅಂತ ಕೇಳುತ್ತೀರಿ. ಹೊರಗಿರುವವರಿಗೆ ಇಡೀ ಕರ್ನಾಟಕವೇ ಒಂದು ಓಣಿ ನೋಡಿ.

ನಾನು ಕಾಮರ್ಸ್ ಓದಿದವನು. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಕಂಪನಿಯಲ್ಲಿ ಷೇರು ಎಷ್ಟೋ ಮತ ಅಷ್ಟು. ಆಗಿನ ಎಸ್ಸೆಮ್ಮೆಸ್ ಮತದಾನ ನೋಡುವುದಕ್ಕೆ ಮೊದಲನೆಯದರ ಹಾಗಿತ್ತು, ಒಳಗೆ ಮಾತ್ರ ಎರಡನೆಯದೇ. 2007ರ ‘ಇಂಡಿಯನ್ ಐಡಲ್’ ಕಡೆಯ ಸುತ್ತಿನಲ್ಲಿ ಡಾರ್ಜಿಲಿಂಗಿನ ಪ್ರಶಾಂತ್ ತಮಂಗ್ ಮತ್ತು ಶಿಲ್ಲಾಂಗಿನ ಅಮಿತ್ ಪಾಲ್ ಎದುರಾದರು. ಡಾರ್ಜಿಲಿಂಗಿನ ಜನ ಚಂದಾ ಎತ್ತಿ ಮತ ಕಳಿಸಿದರು. ಕೋಲ್ಕತ್ತಾ ಪೊಲೀಸಿನಲ್ಲಿ ಪೇದೆಯಾಗಿದ್ದ ತಮಂಗ್ ಗೆದ್ದ. ಇದನ್ನು ಬರೀ ಪಕ್ಷಪಾತ ಅನ್ನಲು ನನಗೆ ಬಾಯಿ ಬರುವುದಿಲ್ಲ. ದೇಶ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವ ಜನಕ್ಕೆ, ಒಂದು ರಾತ್ರಿಯಾದರೂ ನೋಡಲಿ ಅನ್ನುವ ಆಸೆ ಇರುವುದು ಸಹಜ. ಆದರೆ ಎದುರಿಗೆ ನಿಂತವನ ಬೆನ್ನ ಹಿಂದೆಯೂ ಒಂದು ಬೆಟ್ಟದ ಊರಿತ್ತು, ಅಂಥದೇ ಆಸೆ ಇತ್ತು. ಅಭಿಮಾನದ ತೊಂದರೆ ಇರುವುದೇ ಇಲ್ಲಿ. ಎದುರಿನವನಿಗೂ ಒಂದು ಊರಿದೆ ಅನ್ನುವುದನ್ನು ಅದು ಮರೆಸಿಬಿಡುತ್ತದೆ.

ಬ್ಯಾಂಕಿನಲ್ಲಿದ್ದಾಗ ನಮ್ಮ ಕಡೆಯವರು ಯಾರಾದರೂ ಸಾಲದ ಅರ್ಜಿ ಹಿಡಿದು ಬಂದರೆ ಕನ್ನಡದಲ್ಲಿ ಮಾತಾಡಿಸಿ ಚಹಾ ತರಿಸುತ್ತಿದ್ದೆ. ಸಹಿ ಮಾತ್ರ ಕಾಗದಪತ್ರ ನೋಡಿದ ಮೇಲೆಯೇ. ಚಹಾ ನನ್ನ ದುಡ್ಡು, ಸಾಲ ಠೇವಣಿದಾರರ ದುಡ್ಡು. ಹಾಡಿನ ಸ್ಪರ್ಧೆಗೂ ಈ ಲೆಕ್ಕ ಸರಿಹೋಗುತ್ತದೆ. ಚಪ್ಪಾಳೆ ನಮ್ಮದು, ಯಾರಿಗೆ ಬೇಕಾದರೂ ಹೊಡೆಯಬಹುದು. ಮತ ಹಾಡಿದವರಿಗೆ ಸೇರಬೇಕಾದದ್ದು.

ಇನ್ನು ಈ ‘ನಮ್ಮವರು’ ಅನ್ನುವುದಾದರೂ ಎಷ್ಟು ಗಟ್ಟಿ? ಮುಂಬೈಯಲ್ಲೇ ಹುಟ್ಟಿದ ಮೊಮ್ಮಗಳಿಗೆ ಠಾಣೆಯ ಹುಡುಗನೇ ನಮ್ಮವನು. ಅವಳಜ್ಜಿಗೆ ಅದು ಬೇಜಾರು, ನನಗೇನೂ ಇಲ್ಲ. ಒಂದೇ ಸೋಫಾದ ಮೇಲೆ ಎರಡು ಥರದ ‘ನಮ್ಮವರು’ ಇದ್ದರೆ ಒಳ್ಳೆಯದೇ. ಯಾರು ಸೋತರೂ ಅವರಿಗಾಗಿ ತುತ್ತು ಬಿಟ್ಟು ಕಣ್ಣೊರೆಸಿಕೊಳ್ಳುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ.