ಪಾಠದ ಮೇಲೊಂದು ಅನುಮತಿ

ನರ್ಸಿಂಗ್ ಕಾಲೇಜುಗಳ ಎಷ್ಟೋ ಉಪನ್ಯಾಸಕರು ರಾತ್ರಿ ಕೂತು ತಯಾರಿಸಿದ ಪಿಪಿಟಿ, ನೋಟ್ಸುಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಧಾರಾಳವಾಗಿ ಹಂಚುತ್ತಾರೆ. ಇನ್ನೊಂದು ಊರಿನ ಶಿಕ್ಷಕಿ ಅದನ್ನು ಕನ್ನಡಕ್ಕೆ ತಂದು, ತಮ್ಮ ಎಎನ್‌ಎಂ ವಿದ್ಯಾರ್ಥಿನಿಯರಿಗಾಗಿ ಪುಸ್ತಕ ಮಾಡಿಸಬಹುದೇ? ಕಡತದಲ್ಲಿ ಆ ಬಗ್ಗೆ ಒಂದಕ್ಷರವೂ ಇರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ನೋಂದಣಿ ಇಲ್ಲದಿದ್ದರೂ ಬರೆದದ್ದಕ್ಕೆಲ್ಲ ಹಕ್ಕು ತಾನಾಗಿ ಬರುತ್ತದೆ. ಅನುವಾದದ ಹಕ್ಕೂ ಅದರೊಳಗೇ ಇದೆ. ಹಾಗಾಗಿ ಸಂಕೋಚವಿರುವವರು ಸುಮ್ಮನಾಗುತ್ತಾರೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಚಿಪ್ಪೆವಾ ವ್ಯಾಲಿ ಟೆಕ್ನಿಕಲ್ ಕಾಲೇಜು ‘ಓಪನ್ ಆರ್‌ಎನ್’ ಯೋಜನೆಯಲ್ಲಿ ಔಷಧಶಾಸ್ತ್ರ, ಶುಶ್ರೂಷಾ ಕೌಶಲ ಮುಂತಾದ ಪಠ್ಯಗಳನ್ನು ಬರೆಸಿತು. ಸರ್ಕಾರದ ಅನುದಾನದಿಂದ ಸಿದ್ಧವಾದ ಇವು ಕ್ರಿಯೇಟಿವ್ ಕಾಮನ್ಸ್‌ನ ‘ಸಿಸಿ ಬಿವೈ’ ಎಂಬ ಮುಕ್ತ ಪರವಾನಗಿಯಲ್ಲಿವೆ. ಬರೆದವರ ಹೆಸರು ಹೇಳಿ, ಪರವಾನಗಿಯನ್ನು ತೋರಿಸಿ, ಏನು ಬದಲಿಸಿದ್ದೇವೆಂದು ನಮೂದಿಸಿದರೆ ಸಾಕು. ಯಾರನ್ನೂ ಕೇಳದೆ ತಿದ್ದಬಹುದು, ಅನುವಾದಿಸಬಹುದು. ನಮ್ಮ ಜಿಲ್ಲಾಸ್ಪತ್ರೆಯ ವಾರ್ಡಿಗೆ, ಇಲ್ಲಿ ಸಿಗುವ ಔಷಧಗಳಿಗೆ, ಇಲ್ಲಿನ ಪಠ್ಯಕ್ರಮಕ್ಕೆ ಹೊಂದಿಸಿಕೊಳ್ಳುವ ದಾರಿ ಆಗ ತೆರೆಯುತ್ತದೆ.

ತಮ್ಮ ಪಾಠಕ್ಕೂ ಇಂಥ ಪರವಾನಗಿ ಹಾಕಲು ನರ್ಸಿಂಗ್ ಶಿಕ್ಷಕರಿಗೆ ಒಂದು ಭಯವಿದೆ. ಆ ಭಯವನ್ನು ನಾನು ಗೌರವಿಸುತ್ತೇನೆ: ಯಾರೋ ಔಷಧದ ಪ್ರಮಾಣವನ್ನು ತಪ್ಪಾಗಿ ತಿದ್ದಿ, ನನ್ನ ಹೆಸರಲ್ಲೇ ಹಂಚಿಬಿಟ್ಟರೆ? ಅದಕ್ಕೇ ಕೆಲವರು ‘ಬದಲಾವಣೆಗೆ ಅವಕಾಶವಿಲ್ಲ’ ಎಂಬ ಷರತ್ತನ್ನು ಆರಿಸುತ್ತಾರೆ. ಅಲ್ಲಿಗೆ ಕನ್ನಡ ಅನುವಾದವನ್ನು ಹಂಚುವ ಬಾಗಿಲೂ ಮುಚ್ಚಿತು, ಹಳತಾದ ಮಾಹಿತಿಯನ್ನು ಸರಿಪಡಿಸಿ ಹಂಚುವ ಬಾಗಿಲೂ ಮುಚ್ಚಿತು. ಬಿವೈ ಪರವಾನಗಿಯಲ್ಲಿ ತಿದ್ದಿದವರು ಹಾಗೆಂದು ಹೇಳಲೇಬೇಕು. ತಿದ್ದುಪಡಿ ಒಪ್ಪಿಗೆಯಾಗದಿದ್ದರೆ ತಮ್ಮ ಹೆಸರನ್ನು ತೆಗೆಯಿರಿ ಎಂದು ಮೂಲ ಲೇಖಕರು ಕೇಳಬಹುದು. ಪರಿಷ್ಕರಿಸಿದ ತಿಂಗಳು, ವರ್ಷವನ್ನು ಪ್ರತಿ ಪಾಠದಲ್ಲಿ ಹಾಕುವ ರೂಢಿ ಇದರ ಜೊತೆಗಿರಲಿ. ನೌಕರಿಯ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಸ್ಥೆಯದ್ದಾಗುತ್ತದೆ. ಆದ್ದರಿಂದ ಪರವಾನಗಿ ಹಾಕುವ ಮೊದಲು ಪ್ರಾಂಶುಪಾಲರ ಲಿಖಿತ ಒಪ್ಪಿಗೆಯೂ ಬೇಕು.

ಪಾಠದೊಳಗಿನ ಚಿತ್ರಗಳನ್ನು ಮಾತ್ರ ಒಂದೊಂದಾಗಿ ನೋಡಬೇಕು. ಬೇರೆ ಪುಸ್ತಕದಿಂದ ಸ್ಕ್ಯಾನ್ ಮಾಡಿದ ಚಿತ್ರಕ್ಕೆ ನಾವು ಅನುಮತಿ ಕೊಡಲಾಗದು. ಹಾಸಿಗೆ ಹುಣ್ಣಿನ ಫೋಟೊ ನಾವೇ ತೆಗೆದದ್ದಿರಬಹುದು, ಆದರೆ ಆ ದೇಹ ರೋಗಿಯದು. ಚಿಕಿತ್ಸೆಗೆ ಒಪ್ಪಿದವರು ತಮ್ಮ ಫೋಟೊ ಊರೂರು ಸುತ್ತುವುದಕ್ಕೆ ಒಪ್ಪಿದ್ದಾರೆಂದು ಭಾವಿಸುವಂತಿಲ್ಲ. ಅವರನ್ನು ಕೇಳಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಲು ಆಗದಿದ್ದರೆ ಆ ಫೋಟೊ ತೆಗೆದು, ಅಲ್ಲಿ ಒಂದು ರೇಖಾಚಿತ್ರ ಹಾಕಬಹುದು.