ಗೆದ್ದ ದಾರಿಯ ಮೋಹ

ಟಿವಿ ಚರ್ಚೆಗಳಲ್ಲಿ ಯುದ್ಧದ ಪ್ರಸ್ತಾಪ ಬಂತೆಂದರೆ ‘ವ್ಯೂಹಾತ್ಮಕ ಸಂಸ್ಕೃತಿ’ ಎಂಬ ಮಾತೂ ಬರುತ್ತದೆ. ಚೀನೀಯರದು ಹುಟ್ಟುಗುಣ, ನಮ್ಮವರಿಗೆ ಅದು ಇಲ್ಲವೇ ಇಲ್ಲ ಎಂಬ ತೀರ್ಪು ಬೀಳುತ್ತದೆ. ಒಂದು ವಿಚಾರವನ್ನು ಜಾತಕ ಮಾಡಿಬಿಡುವ ಈ ಚಾಳಿಯನ್ನು ನಾನು ಒಪ್ಪಲಾರೆ.

ರಾಜ್ಯಕ್ಕೆ ಏನು ಬೇಕು ಎಂಬುದು ಹಿತಾಸಕ್ತಿಯ ಪ್ರಶ್ನೆ. ಅದನ್ನು ಪಡೆಯಲು ಹೊರಟಾಗ ಯಾವ ದಾರಿ ಮೊದಲು ಹೊಳೆಯುತ್ತದೆ, ಯಾವುದು ಹೊಳೆಯುವುದೇ ಇಲ್ಲ ಎಂಬುದು ವ್ಯೂಹಾತ್ಮಕ ಸಂಸ್ಕೃತಿಯ ಪ್ರಶ್ನೆ. ಎರಡನ್ನೂ ಕಲಸಿದರೆ ಎಲ್ಲವೂ ಕೆಡುತ್ತದೆ.

ಔರಂಗಜೇಬನಿಗೆ ದಖ್ಖನ್ ಬೇಕಿತ್ತು. ಮೊಗಲ್ ದರ್ಬಾರಿಗೆ ರೂಢಿಯಾಗಿದ್ದ ದಾರಿ ಒಂದೇ: ರಾಜಧಾನಿಗೆ ಮುತ್ತಿಗೆ ಹಾಕು, ಎದುರಾಳಿಯ ಸರದಾರರಿಗೆ ಮನ್ಸಬು ಎಂಬ ದರ್ಬಾರಿ ಪದವಿ ಕೊಡು. 1686ರಲ್ಲಿ ಬಿಜಾಪುರ, ಮರುವರ್ಷ ಗೋಲ್ಕೊಂಡ ಹೀಗೆಯೇ ಬಿದ್ದವು.

ಎಚ್ಚರಿಕೆಯೇನೋ ಅದಕ್ಕೂ ಮೊದಲೇ, 1682ರಲ್ಲಿ, ನಾಸಿಕದ ಬಳಿಯ ರಾಮಸೇಜ್ ಎಂಬ ಪುಟ್ಟ ಗುಡ್ಡದ ಕೋಟೆಯಲ್ಲಿ ಸಿಕ್ಕಿತ್ತು. ಒಳಗಿದ್ದ ಮರಾಠರ ಬಳಿ ಕಬ್ಬಿಣದ ತೋಪಿರಲಿಲ್ಲ. ಮರದ ಕಾಂಡ ಕೊರೆದು, ಚರ್ಮ ಸುತ್ತಿ, ಅದನ್ನೇ ತೋಪಾಗಿಸಿ ಹೊಡೆದರು ಎಂದು ಮೊಗಲ್ ಇತಿಹಾಸಕಾರ ಖಾಫಿ ಖಾನನೇ ಬರೆದಿದ್ದಾನೆ. ಹೊರಗೆ ಮೊಗಲರು ಮರದ ಎತ್ತರದ ಅಟ್ಟಣೆ ಕಟ್ಟಿ ಕಾದರು. ಸೇನಾನಿ ಬದಲಾದ, ವಿಧಾನ ಬದಲಾಗಲಿಲ್ಲ. ಕೋಟೆ ವರ್ಷಗಟ್ಟಲೆ ಮಣಿಯಲಿಲ್ಲ.

1689ರಲ್ಲಿ ಮರಾಠ ದೊರೆ ಸಂಭಾಜಿಯನ್ನು ಕೊಂದು ರಾಜಧಾನಿ ರಾಯಗಡ ಹಿಡಿದಾಗ ಮೊಗಲರ ಲೆಕ್ಕದಲ್ಲಿ ಯುದ್ಧ ಮುಗಿಯಬೇಕಿತ್ತು. ಆದರೆ ಸಂಭಾಜಿಯ ತಮ್ಮ ರಾಜಾರಾಮ ಕೆಳದಿ ಚೆನ್ನಮ್ಮನ ಆಸರೆ ಪಡೆದು ಜಿಂಜಿ ಸೇರಿದ. ರಾಜಧಾನಿಯೇ ಕುದುರೆಯೇರಿ ಹೊರಟರೆ ಮುತ್ತಿಗೆ ಯಾವುದಕ್ಕೆ? ಆದರೂ ಎಂಬತ್ತು ದಾಟಿದ ಚಕ್ರವರ್ತಿ ಸಾತಾರಾ, ಪನ್ಹಾಳ ಎಂದು ಕೋಟೆಯಿಂದ ಕೋಟೆಗೆ ಅಲೆದ. 1705ರಲ್ಲಿ ಸುರಪುರ ಸೀಮೆಯ ವಾಗಿನಗೇರಾ ಅವನ ಕೊನೆಯ ಮುತ್ತಿಗೆ. ಕೋಟೆ ಸಿಕ್ಕಿತು, ಬೇಡ ನಾಯಕ ಸಿಗಲಿಲ್ಲ. ಆ ನಾಯಕನ ಕಡೆಗೇ ನನ್ನ ಮನಸ್ಸು.

ಅಮೆರಿಕದ ರ‍್ಯಾಂಡ್ ಸಂಸ್ಥೆಗಾಗಿ 1992ರಲ್ಲಿ ಬರೆದ ಪ್ರಬಂಧದಲ್ಲಿ ಜಾರ್ಜ್ ಟ್ಯಾನ್‌ಹ್ಯಾಮ್, ಭಾರತೀಯರಲ್ಲಿ ವ್ಯೂಹಾತ್ಮಕ ಚಿಂತನೆ ಬೆಳೆಯದಿರುವುದಕ್ಕೆ ಹಿಂದೂಗಳ ಕಾಲಕಲ್ಪನೆಯೂ ಕಾರಣ ಎಂದ. ನಮ್ಮ ವಿದ್ವಾಂಸರು ಇದನ್ನು ಇಂದಿಗೂ ಜಪಿಸುವುದು ನೋವಿನ ಸಂಗತಿ. ಇದಕ್ಕೆ ಉತ್ತರ ದಖ್ಖನಿನಲ್ಲೇ ಇದೆ. ಇಂದಿನ ಛತ್ರಪತಿ ಸಂಭಾಜಿನಗರವನ್ನು 1610ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಕಟ್ಟಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ಬಂದವನು. ಬಯಲಿನ ಕಾಳಗ ತಪ್ಪಿಸಿ, ಮರಾಠ ಸವಾರರನ್ನು ಬಿಟ್ಟು, ಮೊಗಲ್ ದಂಡಿಗೆ ದವಸ ಬರುವ ದಾರಿ ಕತ್ತರಿಸಿದವನು. ಇದು ಯಾವ ಧರ್ಮದ ಕಾಲಕಲ್ಪನೆ, ಯಾರ ರಕ್ತ? ದಖ್ಖನಿನ ಗುಡ್ಡ, ಸವಾರ, ಬಡ ಬೊಕ್ಕಸ ಕಲಿಸಿದ ಪಾಠವದು. ಕಲಿತದ್ದು ಮರೆತೂ ಹೋಗುತ್ತದೆ. ಮರಾಠರೇ ದೊಡ್ಡ ಶಕ್ತಿಯಾದ ಮೇಲೆ, 1760ರಲ್ಲಿ ಉದಗೀರಿನಲ್ಲಿ ನಿಜಾಮನ ಮೇಲೆ ತಮ್ಮ ಸೇನಾನಿ ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳಿಂದ ಗೆದ್ದರು. ಮರುವರ್ಷ ಮರಾಠ ಸೇನಾಪತಿ ಸದಾಶಿವರಾವ್ ಭಾವು ಅವೇ ತೋಪುಗಳನ್ನು, ಹೆಂಗಸರು ಯಾತ್ರಿಕರು ತುಂಬಿದ ಪಾಳೆಯವನ್ನು ಕಟ್ಟಿಕೊಂಡು ಪಾಣಿಪತ್ತಿನಲ್ಲಿದ್ದ. ಹಳೆಯ ಗನಿಮಿ ಕಾವಾ, ಅಂದರೆ ಗೆರಿಲ್ಲಾ, ರೀತಿಯಲ್ಲೇ ಹೋರಾಡೋಣ ಎಂದ ಸರದಾರ ಮಲ್ಹಾರರಾವ್ ಹೋಳ್ಕರನ ಮಾತು ಅವನಿಗೆ ಹಿಡಿಸಲಿಲ್ಲ. ದವಸದ ದಾರಿ ಈ ಸಲ ಕತ್ತರಿಸಿದ್ದು ಎದುರಾಳಿ ಅಫ್ಘನ್ ದೊರೆ ಅಹ್ಮದ್ ಶಾ ಅಬ್ದಾಲಿಯ ಕಡೆಯವರು.