ಹಂಗಿಲ್ಲದ ಹೊಸ್ತಿಲು

ನಮ್ಮ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಅವುಗಳ ಬಗೆ ಗೊತ್ತೇ ಇದೆ. ತಲಬಾಗಿಲು ದಾಟಿದೊಡನೆ ದನ ಕಟ್ಟುವ ಅಂಕಣ. ಅಲ್ಲಿಂದ ಒಂದೂವರೆ ಅಡಿ ಎತ್ತರದ ಕಟ್ಟೆ. ಕಟ್ಟೆಯ ಮೇಲೆ ಪಡಸಾಲೆ, ಅದರಾಚೆಗೆ ಅಡಿಗೆಮನೆ. ದನ ಕೆಳಗೆ, ಮನುಷ್ಯ ಮೇಲೆ. ಡೋಣಿ ಸೀಮೆಯ ಎರೆಮಣ್ಣಿನಲ್ಲಿ ಮಳೆಗಾಲದ ಹಸಿಯನ್ನು ತಪ್ಪಿಸಿಕೊಳ್ಳಲು ಆ ಎತ್ತರ ಬೇಕಾಗಿಯೂ ಇತ್ತು. ಸಾರವಾಡದ ನಮ್ಮ ಮನೆಯೂ ಇಂಥದೇ. ಆ ಕಟ್ಟೆಯಿಂದ ನಾನು ಹುಡುಗನಾಗಿದ್ದಾಗ ಸಾವಿರ ಸಲ ಜಿಗಿದಿದ್ದೇನೆ. ಅದು ಎತ್ತರವೆಂದು ಒಮ್ಮೆಯೂ ಅನಿಸಿರಲಿಲ್ಲ. ಏರಬಲ್ಲವನ ಕಣ್ಣಿಗೆ ಮೆಟ್ಟಿಲು ಬೀಳುವುದಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಶಸ್ತ್ರಕ್ರಿಯೆಯಾಯಿತು, ಎಲುಬು ಕೂಡಿತು, ವಾಕರ್ ಹಿಡಿದು ಸಮನೆಲದಲ್ಲಿ ನಾಲ್ಕು ಹೆಜ್ಜೆ ನಡೆಯುವಂತಾದಳು. ಆದರೆ ಕಟ್ಟೆ ಇಳಿಯಲಾರಳು. ಶೌಚದ ಕೋಣೆಯಿರುವುದು ತಲಬಾಗಿಲಿನ ಹೊರಗೆ. ತಮ್ಮನೂ ಅವನ ಹೆಂಡತಿಯೂ ಹೊಲದಿಂದ ಬಂದು ಇಳಿಸಬೇಕು. ಶನಿವಾರ ವಿಜಯಪುರದಿಂದ ನಾನು ಹೋದರೆ ಆ ಕೆಲಸ ನನ್ನದು. ಎರಡೂ ಕೈಗಳಿಂದ ಅವಳನ್ನೆತ್ತಿ ಇಳಿಸುವಾಗ ಓಣಿಯ ಹಿರಿಯರು, “ಮಗ ಅಂದ್ರ ಶ್ರವಣಕುಮಾರ ನೋಡ್ರಿ” ಎನ್ನುತ್ತಿದ್ದರು. ನನಗೂ ಒಳಗೊಳಗೆ ಹಿತವಾಗುತ್ತಿತ್ತೆಂಬುದನ್ನು ಮುಚ್ಚಿಡಲಾರೆ.

ಒಂದು ಬೇಸಗೆಯ ಮಧ್ಯಾಹ್ನ ಅವಳ ತುಟಿ ಒಣಗಿದ್ದನ್ನು ಕಂಡು ತಂಬಿಗೆ ನೀರು ಕೊಟ್ಟೆ. ಎರಡು ಗುಟುಕು ಕುಡಿದು ಕೆಳಗಿಟ್ಟಳು. ಯಾಕವ್ವಾ ಎಂದೆ. “ನೀರು ಕುಡದ್ರ ಏಳಬೇಕಾಗತೈತಿ. ಏಳಬೇಕಂದ್ರ ಯಾರನ್ನರ ಕರೀಬೇಕಾಗತೈತಿ. ಅದಕ್ಕ ನೀರಽ ಕಡಿಮಿ ಮಾಡೀನಿ, ತಮ್ಮಾ” ಎಂದಳು. ದೂರುವ ದನಿಯಲ್ಲ ಅದು. ಸಂಸಾರದ ಖರ್ಚು ತಗ್ಗಿಸಿದ ಸಂಗತಿ ಹೇಳುವಂತೆ ಹೇಳಿದಳು. ನನ್ನ ಮಾತೃಸೇವೆಯ ಲೆಕ್ಕ ಆ ಕ್ಷಣಕ್ಕೆ ತಲೆಕೆಳಗಾಯಿತು. ನಾನು ಎತ್ತಿ ಇಳಿಸಿದಷ್ಟೂ ಸಲ ಪುಣ್ಯ ನನ್ನ ಕಡೆಗೆ ಜಮೆಯಾಗುತ್ತಿತ್ತು; ಬಾಯಾರಿಕೆ ಅವಳ ಕಡೆಗೆ.

ಶ್ರವಣಕುಮಾರನ ಕಥೆಯನ್ನು ಅಂದಿನಿಂದ ಬೇರೊಂದು ಬಗೆಯಲ್ಲಿ ನೆನೆಯತೊಡಗಿದ್ದೇನೆ. ತಂದೆತಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ ಎನ್ನುತ್ತದೆ ಕಥೆ. ಕಾವಡಿಯಲ್ಲಿ ಕೂತವರನ್ನು, ನಿಮಗೆ ನಡೆಯುವ ಆಸೆಯಿತ್ತೆ ಎಂದು ಕೇಳಿದವರಿಲ್ಲ. ದಶರಥನ ಬಾಣ ತಗುಲಿ ಮಗ ಸತ್ತಾಗ ಅವರೂ ಸತ್ತರು. ಪುತ್ರಶೋಕ ದೊಡ್ಡದು, ನಿಜ. ಆದರೆ ಒಂದೇ ಹೆಗಲಿನ ಮೇಲೆ ನಿಂತ ಬದುಕು ಆ ಹೆಗಲು ಬಿದ್ದಂದೇ ಬೀಳುತ್ತದೆಂಬ ಮಾತೂ ಆ ಕಥೆಯಲ್ಲಿದೆ. ನಾವು ಮಗನನ್ನು ಕೊಂಡಾಡಿ ಅದನ್ನು ಮರೆತೆವು.

ಹಾಗಾದರೆ ಸ್ವಾವಲಂಬನೆಯೆಂದರೇನು? ಯಾರ ನೆರವೂ ಇಲ್ಲದೆ ಬಾಳುವುದೆ? ಹಾಗೆ ಬಾಳುವವರು ಯಾರೂ ಇಲ್ಲ. ನಾನು ಕಾಲೇಜಿಗೆ ಹೋಗುವುದು ಯಾರೋ ಹಾಕಿದ ರಸ್ತೆಯ ಮೇಲೆ, ಯಾರೋ ನಡೆಸುವ ಬಸ್ಸಿನಲ್ಲಿ. ಅದನ್ನು ನಾನು ಹಂಗೆಂದು ಎಣಿಸುವುದಿಲ್ಲ, ಏಕೆಂದರೆ ಬಸ್ಸಿನ ಮುಂದೆ ನಿಂತು ದಿನವೂ ಬೇಡಿಕೊಳ್ಳಬೇಕಾಗಿಲ್ಲ. ನೆರವು ಪಡೆಯುವುದರಿಂದ ಮಾನ ಹೋಗುವುದಿಲ್ಲ. ಹೊತ್ತುಹೊತ್ತಿಗೂ ಕೇಳಬೇಕಾದಾಗ ಹೋಗುತ್ತದೆ. ಒಮ್ಮೆ ಕಟ್ಟಿಬಿಟ್ಟ ರಸ್ತೆ ಯಾರ ಮುಖವನ್ನೂ ನೋಡುವುದಿಲ್ಲ. ಮನೆಯೊಳಗಿನ ಇಳಿಜಾರೂ, ಗೋಡೆಗೆ ಬಡಿದ ಹಿಡಿಕೆಯೂ ಅಂಥ ರಸ್ತೆಗಳೇ.

ಇಲ್ಲಿಗೆ ಪಂಚಾಯಿತಿಯ ಮಾತು ಬರುತ್ತದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದಲ್ಲಿ ನೂರಕ್ಕೆ 5 ಭಾಗವನ್ನು ಅಂಗವಿಕಲರ ಹಿತಕ್ಕಾಗಿ ತೆಗೆದಿಡಬೇಕೆಂಬ ನಿಯಮವಿದೆ. ಈ ಹಣದ ಮಾತೆತ್ತಿದರೆ ನಮಗೆ ಮೊದಲು ಕಣ್ಣೆದುರು ಬರುವುದು ಮೂರು ಗಾಲಿಯ ಸೈಕಲ್ಲು. ಅದು ಬೇಡವೆಂದು ನಾನು ಹೇಳುವುದಿಲ್ಲ. 2014ರಲ್ಲಿ ನಮ್ಮ ದೇಶ ಪೋಲಿಯೋದಿಂದ ಮುಕ್ತವಾಯಿತೆಂದು ಸಾರಲಾಯಿತು. ಆದರೆ ಅದಕ್ಕೂ ಮುಂಚೆ ಆ ರೋಗಕ್ಕೆ ಕಾಲು ಕೊಟ್ಟವರು ಈಗಲೂ ನಮ್ಮ ನಡುವೆ ಬಾಳುತ್ತಿದ್ದಾರೆ. ಅಂಥವರೊಬ್ಬರ ಸೈಕಲ್ಲು ಬೇವಿನ ಮರದ ಕೆಳಗೆ ನಿಂತಿರುವುದನ್ನೂ, ಅದರ ಒಡೆಯ ಅಂಗೈ ಊರಿ ಹೊಸ್ತಿಲು ದಾಟಿ ಅದರವರೆಗೆ ತೆವಳುವುದನ್ನೂ ನಾನು ಕಂಡಿದ್ದೇನೆ. ಊರು ಸುತ್ತಲು ಗಾಲಿ ಸಿಕ್ಕಿದೆ. ಮನೆಯಿಂದ ಹೊರಬರಲು ದಾರಿ ಸಿಕ್ಕಿಲ್ಲ. ಸೈಕಲ್ಲು ಕೊಟ್ಟರೆ ಹತ್ತು ಜನರೆದುರು ಫೋಟೋ ತೆಗೆಯಬಹುದು. ಒಬ್ಬರ ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದರೆ ಫೋಟೋ ತೆಗೆಯುವುದೆಲ್ಲಿ?

ಇಂಗ್ಲೆಂಡಿನ ಪದ್ಧತಿ ಬೇರೆ. ಅಲ್ಲಿ 1996ರ ಕಾಯಿದೆಯಂತೆ ಅಂಗವಿಕಲರ ಮನೆ ಸರಿಪಡಿಸಲು ಸ್ಥಳೀಯ ಮಂಡಳಿಗಳು ಅನುದಾನ ಕೊಡುತ್ತವೆ. ಬೇಡಿದವರ ಆದಾಯ ನೋಡುತ್ತಾರೆ, ಮನೆಗೆ ಬಂದು ಅಗತ್ಯವನ್ನು ಅಳೆಯುತ್ತಾರೆ. 30,000 ಪೌಂಡಿನವರೆಗೆ ಹಣವುಂಟು. ಅಗತ್ಯ ಸಿದ್ಧವಾದರೆ ಕೊಡಲೇಬೇಕು. ಅರ್ಜಿಗೆ 6 ತಿಂಗಳೊಳಗೆ ಉತ್ತರ ಹೇಳಬೇಕು. ಹಣದ ಮೊತ್ತವನ್ನು ನಾವು ಅನುಕರಿಸಲಾರೆವು. ಅನುಕರಿಸಬೇಕಾದ್ದು ಮನೆಗೆ ಬಂದು ನೋಡುವ ಆ ಕ್ರಮವನ್ನು.

“ಒಬ್ಬರ ಮನೆಯೊಳಗಿನ ಕಟ್ಟೆಗೆ ಊರಿನ ಹಣವೇಕೆ?” ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಊರಿನ ರಸ್ತೆಗೆ ಎಲ್ಲರೂ ತೆರಿಗೆ ಕೊಡುತ್ತಾರೆ. ಹೊಸ್ತಿಲು ದಾಟಲಾರದವರೂ ಕೊಡುತ್ತಾರೆ. ಆ ರಸ್ತೆ ಅವರಿಗೆ ಇದ್ದೂ ಇಲ್ಲ. ಅದನ್ನು ಅವರ ಮಂಚದವರೆಗೆ ಹತ್ತು ಮಾರು ಮುಂದುವರಿಸಿದರೆ ಅದು ದಾನವಲ್ಲ, ಬಾಕಿ ತೀರಿಸಿದ್ದು.

ಇನ್ನೊಂದು ಆಕ್ಷೇಪವಿದೆ, ಅದು ಹೆಚ್ಚು ಆಳವಾದದ್ದು. ಮುದುಕರು ತಾವೇ ಓಡಾಡಿಕೊಂಡರೆ ಮಕ್ಕಳ ಕರುಳಿನ ಬಳ್ಳಿ ಸಡಿಲವಾಗದೆ? ಈ ಭಯ ಸುಳ್ಳಲ್ಲ. ಇಳಿಜಾರು ಹಾಕಿಸಿ, ಇನ್ನು ನನ್ನ ಕೆಲಸ ಮುಗಿಯಿತೆಂದು ಪಟ್ಟಣದಲ್ಲಿ ಕೂರುವ ಮಗನೂ ಇರಬಹುದು. ಆದರೆ ಅಸಹಾಯಕತೆಯ ಹಗ್ಗದಿಂದ ಬಿಗಿದಿಟ್ಟರೆ ಮಾತ್ರ ಉಳಿಯುವ ಪ್ರೀತಿ ಎಂಥ ಪ್ರೀತಿ? ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದ ಆಯ್ದಕ್ಕಿ ಲಕ್ಕಮ್ಮ, ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿಸಿ ಬಾ ಎಂದಳಂತೆ. ಬೇಡವಾದಷ್ಟು ಸೇವೆಯೂ ಮರಳಿಸಬೇಕಾದ ಅಕ್ಕಿಯೇ.

ಪಂಚಾಯಿತಿಗೆ ಅರ್ಜಿ ಹಾಕುವ ಮಾತಿಗೆ ಅವ್ವ ಒಪ್ಪಲಿಲ್ಲ. “ನಾನೇನು ಅಂಗವಿಕಲೇನು? ಮುದುಕಿ” ಎಂದಳು. 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಎಣಿಸಿದೆ, ಮುಪ್ಪು ಅದರಲ್ಲಿಲ್ಲ. ಸಂಬಳವಿರುವ ನನಗೆ ಆ ಹಣದ ಅಗತ್ಯವೂ ಇರಲಿಲ್ಲ. ಗೌಂಡಿಯನ್ನು ಕರೆಸಿದೆ. “ಆರಡಿ ಉದ್ದ ಸಾಕಲ್ರಿ” ಎಂದ ಅವನು. ಒಂದಡಿ ಏರಲು ಹನ್ನೆರಡಡಿ ಬೇಕೆಂಬುದು ಬಲ್ಲವರ ಲೆಕ್ಕ. ನಮ್ಮ ಒಂದೂವರೆ ಅಡಿಗೆ ಹದಿನೆಂಟು. ಅಷ್ಟು ಜಾಗವೆಲ್ಲಿ? ಎತ್ತು ಮಾರಿ ವರ್ಷಗಳಾಗಿದ್ದವು. ಖಾಲಿ ಗ್ವಾದಲಿಯನ್ನು ಒಡೆದು, ದನದ ಅಂಕಣದ ಉದ್ದಕ್ಕೂ ಇಳಿಜಾರು ಮಾಡಿ, ಒಂದು ಬದಿಗೆ ಪೈಪಿನ ಹಿಡಿಕೆ ಹಾಕಿಸಿದೆವು. ಹೊಸ್ತಿಲು ಮಾತ್ರ ಕೀಳಬಾರದೆಂದಳು ಅವ್ವ. ಐವತ್ತು ವರ್ಷ ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲು. ಅದರ ಎರಡೂ ಬದಿಗೆ ನೆಲವನ್ನೇ ಎತ್ತರಿಸಿ ಅದರ ಮಟ್ಟಕ್ಕೆ ತಂದೆವು.

ಈಗ ಅವಳು ಸಂಜೆ ತಾನೇ ಇಳಿದು ತಲಬಾಗಿಲ ಹೊರಗೆ ಕೂರುತ್ತಾಳೆ. ಓಣಿಯವರು ನನ್ನನ್ನು ಶ್ರವಣಕುಮಾರನೆನ್ನುವುದನ್ನು ನಿಲ್ಲಿಸಿದ್ದಾರೆ. ಅವಳು ಈಗಲೂ ನನ್ನನ್ನು ಕರೆಯುತ್ತಾಳೆ, ಎತ್ತುವುದಕ್ಕಲ್ಲ, ಮಾತಿಗೆ. ಪಕ್ಕದಲ್ಲಿ ತುಂಬಿದ ತಂಬಿಗೆ ಇರುತ್ತದೆ. ಸಂಬಳವಿಲ್ಲದ ಮಕ್ಕಳ ಅವ್ವಂದಿರೂ ಊರಲ್ಲಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಆ ನೂರಕ್ಕೆ ಐದರ ಮಾತು ಬಂದಾಗ, ಅವರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆಂದು ಯಾರಾದರೂ ಕೇಳಬೇಕು.